ಪಕ್ಕಕ್ಕೆ ನೋಡಿದರೆ ಕಾಣುತ್ತೆ

ಬಾಗಲಗುಂಟೆ,
3 ಫೆಬ್ರುವರಿ 2025, ಸೋಮವಾರ

ಪ್ರೀತಿಯ ಗುರು,

ಹೇಗಿದ್ದೀಯಪ್ಪಾ? ರಂಜನಿ ಆರೋಗ್ಯವಾ? ದುರ್ಗದಲ್ಲಿ ಈಗಲೇ ಬಿಸಿಲು ಶುರುವಾಗಿರಬೇಕು, ತಲೆಗೆ ಟೋಪಿ ಹಾಕ್ಕೊಂಡು ಓಡಾಡು. ನಾಲ್ಕು ವರ್ಷದಿಂದ ಅಣ್ಣನ ಫೋನ್ ಎತ್ತದ ಮಹಾನುಭಾವ ನೀನು, ಇನ್ನು ಕಾಗದವೇ ಗತಿ ಅಂತ ಕೂತಿದ್ದೀನಿ. ಹರಿದು ಹಾಕ್ಬೇಡ ಮಾರಾಯ. ಸ್ಕೆಚ್ ಪೆನ್ನಲ್ಲಿ ಒಂದನೇ ಕ್ಲಾಸಿನ ಮಕ್ಕಳ ಹಾಗೆ ದಪ್ಪ ದಪ್ಪಗೆ ಬರೆದಿದ್ದೀನಿ, ಸಾಲೂ ಸೊಟ್ಟ. ನಗಬೇಡ, ಕಾರಣ ಇದೆ.

ನಾವಿಬ್ಬರೂ ಕನ್ನಡಿ ಉಜ್ಜಿ ಮಾಡಿದ ಆರಿಂಚಿನ ದುರ್ಬೀನು ಹಿತ್ತಿಲಲ್ಲಿ ಒಗೆಯೋ ಕಲ್ಲಿನ ಪಕ್ಕ ಇನ್ನೂ ನಿಂತಿದೆ. ಪ್ರತಿ ಚಳಿಗಾಲ ಏಡಿ ನೀಹಾರಿಕೆ ಹುಡುಕ್ತಿದ್ದೆವಲ್ಲ, ವೃಷಭದ ಕೊಂಬಿನ ತುದಿ ನಕ್ಷತ್ರದ ಹತ್ತಿರ, ಗಾಜಿನ ಮೇಲೆ ಉಸಿರು ಬಿಟ್ಟಷ್ಟು ಮಸುಕು? ನೇರ ನೋಡಿದರೆ ಮಾಯ, ಸ್ವಲ್ಪ ಪಕ್ಕಕ್ಕೆ ಕಣ್ಣು ಹಾಯಿಸಿದರೆ ಹಾಜರ್. "ನೇರ ನೋಡ್ಬೇಡ ಕಣೋ, ಪಕ್ಕಕ್ಕೆ ನೋಡು" ಅಂತ ನಿನಗೆ ಕಲಿಸಿದವನೇ ನಾನು. ಹೋದ ವರ್ಷ ಶುರುವಿನಲ್ಲಿ, ಎಂದಿನ ಹಾಗೆ ದುರ್ಬೀನಿಗೆ ಬಲಗಣ್ಣಿಟ್ಟರೆ, ಆ ಕೊಂಬಿನ ನಕ್ಷತ್ರವೇ ನೇರ ನೋಡಿದರೆ ಕಾಣದಾಯ್ತು. ನೀಹಾರಿಕೆ ಮಾಯವಾಗೋದು ಸರಿ, ನಕ್ಷತ್ರ ಯಾಕೆ ಮಾಯವಾಗ್ಬೇಕು? ಈ ದಡ್ಡನಿಗೆ ಹೊಳೆಯಲೇ ಇಲ್ಲ. ಬೀದಿಗೆ ಹೊಸದಾಗಿ ಹಾಕಿದ ಬಿಳೀ ದೀಪಗಳನ್ನ ಬೈದೆ. ಕನ್ನಡಿಗೆ ಧೂಳು ಕೂತಿದೆ ಅಂತ ಎರಡು ಸಲ ತೊಳೆದೆ. ಪಕ್ಕದ ಮನೆ ಮೆಹಬೂಬ್ ಪಾಷಾ ಅವರ ಗೇಟಿನ ಬಲ್ಬಿನ ವಿಷಯಕ್ಕೆ ಜಗಳಕ್ಕೇ ಹೋದೆ. ಪಾಪ, ಅವರು ಬಲ್ಬನ್ನೇ ಬಿಚ್ಚಿದರು. ಆಮೇಲೂ ಪಕ್ಕಕ್ಕೆ ನೋಡ್ಕೊಂಡೇ ವರ್ಷ ಕಳೆದೆ, ಅಭ್ಯಾಸ ನೋಡು.

ಡಿಸೆಂಬರಲ್ಲಿ ಎಡಗಣ್ಣಿಗೆ ಧೂಳು ಬಿತ್ತು. ಅದನ್ನ ಮುಚ್ಚಿ ಬಲಗಣ್ಣಲ್ಲಿ ಗೋಡೆ ಗಡಿಯಾರ ನೋಡಿದರೆ ಮುಳ್ಳುಗಳೇ ಇಲ್ಲ, ಸುತ್ತ ಅಂಕಿ ಮಾತ್ರ. ಓಡಿ ಹೋಗಿ ಪಕ್ಕದ ಮನೆ ಬಾಗಿಲು ಬಡಿದೆ ಗುರು. ಪಾಷಾ ಅವರೇ ಸ್ಕೂಟರಲ್ಲಿ ಕಣ್ಣಾಸ್ಪತ್ರೆಗೆ ಕರ್ಕೊಂಡು ಹೋದರು. ಕಣ್ಣಿನ ಹಿಂಭಾಗದ ಪರದೆಯಲ್ಲಿ, ನಟ್ಟನಡುವೆ ರಕ್ತ ಒಸರಿ ಒಣಗಿದೆಯಂತೆ. ಶುರುವಿಗೇ ಬಂದಿದ್ದರೆ ಇಂಜೆಕ್ಷನ್ ಕೊಟ್ಟು ನಿಲ್ಲಿಸಬಹುದಿತ್ತು, ಈಗ ಬಲಗಣ್ಣು ಮುಗೀತು ಅಂದರು ಡಾಕ್ಟರು. ಎಡಗಣ್ಣಲ್ಲೂ ಶುರುವಾಗಿದೆ, ತಿಂಗಳಿಗೊಂದು ಸೂಜಿ ಚುಚ್ಚಿ ಕಾಯ್ತಿದ್ದಾರೆ. ಮನೆಯಲ್ಲಿ ಯಾರಿಗಾದರೂ ಇತ್ತಾ ಅಂತ ಕೇಳಿದರು. ಇಲ್ಲ ಅಂದೆ. ಭಯ ಆಗ್ತಿದೆ ಕಣೋ, ನಿನ್ನ ಹತ್ತಿರ ಸುಳ್ಳು ಯಾಕೆ.

ರಂಜನಿಗೆ ಆಶೀರ್ವಾದ ಹೇಳು. ನಿನಗೂ ಇದೆ, ಬೇಡ ಅಂದರೂ ತಗೋ.

ನಿನ್ನ ಅಣ್ಣ,
ಜಯಸಿಂಹ

ತಾ.ಕ.: ಕವರಿಗೆ ಹಾಕಿದ ಕಾಗದ ಮತ್ತೆ ತೆಗೆದೆ. ಇದನ್ನ ಬರೆಯೋಕೆ ಅಂತಲೇ ಕೂತವನು, ಧೈರ್ಯ ಸಾಲಲಿಲ್ಲ. ಡಾಕ್ಟರಿಗೆ ನಾನು ಹೇಳಿದ್ದು ತಪ್ಪು. ಅಮ್ಮನಿಗೂ ಇದೇ ಇತ್ತು ಅನ್ಸುತ್ತೆ. ರಂಜನಿ ಎದುರಿಗೆ ಬಂದರೆ ಅಮ್ಮ ಮುಖ ತಿರುಗಿಸ್ತಾಳೆ ಅಂತ ತಾನೇ ನೀವು ಮನೆ ಬಿಟ್ಟಿದ್ದು? ನಾನೂ ನಿನ್ನ ಹೆಂಡತಿಯದೇ ಅತಿಯಾಯ್ತು ಅಂದೆ. ಅಮ್ಮ ನನಗೂ ಹಾಗೇ ತಿರುಗಿಸ್ತಿದ್ದಳು. ಮಗ ನೋಡು, ಗಮನಿಸಲೇ ಇಲ್ಲ. ಕಣ್ಣು ಕಾಣಲ್ಲ ಅಂತ ಬಾಯಿಬಿಟ್ಟು ಹೇಳೋ ಹೆಂಗಸಾ ಅವಳು? ನೀವು ಹೋದ ದಿನ ರಾತ್ರಿ ಊಟಕ್ಕೆ ಕೂತಾಗ, "ರಂಜನಿ ಹೊಸ ಮೂಗುತಿ ಚೆನ್ನಾಗಿ ಒಪ್ಪುತ್ತೆ ಕಣೋ" ಅಂದಿದ್ದಳು. ಮುಖ ತಿರುಗಿಸಿದ್ದು ಅವಳನ್ನ ನೋಡೋಕೆ, ಗುರು. ಅದನ್ನ ನಾನು ನಿಮಗೆ ಹೇಳಲೇ ಇಲ್ಲ. ಅಮ್ಮ ತೀರಿಹೋಗೋವರೆಗೂ ಹೇಳಲಿಲ್ಲ. ಈಗ ಹೇಳು ರಂಜನಿಗೆ. ಹೇಳಿ, ಹಗಲು ಬೆಳಕಲ್ಲಿ ಅವಳನ್ನ ಎದುರಿಗೆ ಕೂರಿಸ್ಕೊಂಡು ಒಂದೊಂದೇ ಕಣ್ಣು ಮುಚ್ಚಿ ಆ ಮೂಗುತಿ ನೋಡು. ಪಕ್ಕಕ್ಕೆ ನೋಡ್ಬೇಡ, ನಾನು ಕಲಿಸಿದ್ದನ್ನ ಮರೆತುಬಿಡು, ನೇರ ನೋಡು. ಕಾಣದಿದ್ದರೆ ಅವತ್ತೇ ಇಲ್ಲಿಗೆ ಬಸ್ ಹತ್ತು.