ಡಬ್ಬದ ತಳದ ಬಣ್ಣ

ಮನೆಯಿಂದ,
ಹದಿನಾಲ್ಕನೇ ತಾರೀಖು, ಮಂಗಳವಾರ ಮಧ್ಯಾಹ್ನ

ನಮ್ಮನೆಯವರಿಗೆ,

ಹೇಗಿದ್ದೀರಿ? ಮೊಣಕಾಲಿನ ಊತ ಇಳಿಯಿತೇ? ಡಾಕ್ಟರು ಏಣಿ ಹತ್ತಬೇಡಿ ಎಂದ ಮೇಲೆ ಹತ್ತಬೇಡಿ, ಅಲ್ಲಿ ಹೀರೋ ಆಗಲು ಹೋಗಬೇಡಿ. ದಿನಾ ಬಿಸಿನೀರಿನ ಶಾಖ ಕೊಟ್ಟುಕೊಳ್ಳಿ. ನಾನು ಚೆನ್ನಾಗಿದ್ದೇನೆ. ಮಗಳೂ ಚೆನ್ನಾಗಿದ್ದಾಳೆ, ಭಾನುವಾರ ಬಂದು ಹೋದಳು. ಫೋನು ಇರುವಾಗ ಇವಳೇಕೆ ಕಾಗದ ಬರೆಯಲು ಕೂತಳು ಎಂದುಕೊಳ್ಳುತ್ತೀರಿ. ಫೋನಿನಲ್ಲಾದರೆ ನಡುವೆ ಬಾಯಿ ಹಾಕುತ್ತೀರಿ, "ಅಯ್ಯೋ, ಬಿಡೇ" ಎಂದು ನಗುತ್ತೀರಿ, ನಾನೂ ಪೆದ್ದಿಯ ಹಾಗೆ ನಕ್ಕುಬಿಡುತ್ತೇನೆ. ನೀವು ಆ ಊರಿಗೆ ಕೆಲಸಕ್ಕೆಂದು ಹೋದ ಮೇಲಿನ ಹನ್ನೊಂದು ವರ್ಷವೂ ಹಾಗೇ ಆಯಿತು.

ಹೋದ ತಿಂಗಳು ಕೇಳಿದಿರಲ್ಲ, "ಇನ್ನು ಸಾಕು ಕಣೇ, ಮನೆಗೇ ಬಂದುಬಿಡ್ಲಾ?" ಎಂದು. ಯೋಚಿಸಿ ಹೇಳುತ್ತೇನೆ ಎಂದೆ. ಸುಳ್ಳು, ಯೋಚಿಸುವುದೇನಿತ್ತು? ಫೋನ್ ಇಟ್ಟವಳೇ ಮನೆಯನ್ನೊಮ್ಮೆ ನೋಡಿದೆ. ಮೂವತ್ತು ವರ್ಷದಿಂದ ಕಂಡವರ ಮನೆಗೆಲ್ಲ ಬಣ್ಣ ಹೊಡೆದ ಪೇಂಟರು ನೀವು, ನಿಮ್ಮದೇ ಮನೆಯ ಗೋಡೆ ಚಕ್ಕೆ ಚಕ್ಕೆಯಾಗಿ ಎದ್ದು ಉದುರುತ್ತಿತ್ತು. "ನನ್ನ ಮನೆಗೆ ಇನ್ನೊಬ್ಬನ ಬ್ರಷ್ ತಾಗಬಾರದು, ನಾನೇ ಬಂದು ಹೊಡೀತೀನಿ" ಎನ್ನುತ್ತಿದ್ದಿರಿ. ವರ್ಷಕ್ಕೆ ಎಂಟು ದಿನ ಬರುತ್ತಿದ್ದಿರಿ, ಎಂಟು ದಿನವೂ ಹೊದ್ದು ಮಲಗಿ ಎದ್ದು ಹೋಗುತ್ತಿದ್ದಿರಿ. ಈ ಮೊಣಕಾಲಿನಲ್ಲಿ ಇನ್ನು ನಿಮ್ಮ ಕೈಯಲ್ಲಿ ಆಗುವುದಿಲ್ಲ, ನೀವು ಬರುವ ಹೊತ್ತಿಗೆ ಮನೆ ಲಕಲಕ ಎನ್ನಲಿ ಎಂದು ನಾನೇ ಒಬ್ಬ ಪೇಂಟರನ್ನು ಗೊತ್ತುಮಾಡಿದೆ. ಪೇಂಟರನ ಹೆಂಡತಿ ಬೇರೆ ಪೇಂಟರನ್ನು ಕರೆಸಿದಳು ಎಂದು ಪಕ್ಕದ ಮನೆಯಾಕೆ ಕಿಸಕ್ಕೆಂದಳು. ನಗಲಿ ಬಿಡಿ.

ಬಂದವರು ಐವತ್ತು ದಾಟಿದ ಮನುಷ್ಯ, ಕಿವಿಯ ಮೇಲೊಂದು ಪೆನ್ಸಿಲ್, ಕೈಯಲ್ಲಿ ಗೋಡೆ ಕೆರೆಯುವ ತಗಡು. ಬಣ್ಣದ ಮಾತನ್ನೇ ಎತ್ತಲಿಲ್ಲ. ಬೆರಳಿನ ಗೆಣ್ಣಿನಿಂದ ಗೋಡೆ ತಟ್ಟುತ್ತಾ ಮನೆಯೆಲ್ಲ ಸುತ್ತಿದರು. ಬಚ್ಚಲ ಗೋಡೆಯ ತೇವ ನೋಡಿ, ಮೊದಲು ಕೊಳಾಯಿ ಸೋರುವುದು ನಿಲ್ಲಬೇಕು, ಗೋಡೆ ಒಣಗಬೇಕು, ಆಮೇಲೆ ಪುಟ್ಟಿ, ಪ್ರೈಮರ್, ಬಣ್ಣ ಕಡೆಗೆ ಎಂದರು. ನಡುಕೋಣೆಯಲ್ಲಿ ಕೆರೆದು ನೋಡಿ, "ಯಾವ ಪುಣ್ಯಾತ್ಮ ಅಕ್ಕ ಇದನ್ನ ಹೊಡೆದಿದ್ದು? ಪ್ರೈಮರ್ರೂ ಇಲ್ಲ, ಏನೂ ಇಲ್ಲ, ಸುಣ್ಣದ ಮೇಲೆ ಸೀದಾ ಬಳಿದಿದಾನೆ" ಎಂದರು. ಯಾರೋ ಏನೋ ಎಂದೆ. ನಿಮ್ಮ ಮರ್ಯಾದೆ ಉಳಿಸಿದೆ.

ಆಮೇಲೆ ಆ ಕೋಣೆಗೆ ಯಾವ ಬಣ್ಣ ಎಂದು ಕೇಳಿದರು. ನಾನು ಜಂಬದಿಂದ ಗೋಡೆಯ ಒಂದು ಚಕ್ಕೆಯನ್ನು ಅವರ ಅಂಗೈಗೆ ಇಟ್ಟು, ಇದೇ ಬೇಕು, ಅಂಗಡಿಯಲ್ಲಿ ಸಿಗುವುದಿಲ್ಲ, ಹೇಗಾದರೂ ಮಾಡಿ ಕಲಸಿಕೊಡಿ ಎಂದೆ. ನಿಮಗೆ ನೆನಪಿದೆಯೋ ಇಲ್ಲವೋ. ಮದುವೆಯಾದ ಎರಡನೇ ವರ್ಷ ಬಕೆಟ್ ಹಿಡಿದು ಬಂದು, "ನಿನಗೋಸ್ಕರ ಕಲಸಿದ ಬಣ್ಣ ಕಣೇ, ಯಾರ ಮನೇಲೂ ಇರಲ್ಲ" ಎಂದಿರಿ. ಬೂದಿಯೂ ಅಲ್ಲದ, ನೇರಳೆಯೂ ಅಲ್ಲದ ಆ ಬಣ್ಣವನ್ನು ಇಪ್ಪತ್ತಾರು ವರ್ಷ ತಲೆಯ ಮೇಲೆ ಹೊತ್ತು ಮೆರೆದೆ. ಹೊಂದುವ ಪರದೆ ಬಟ್ಟೆಗಾಗಿ ಗೋಡೆಯ ಚಕ್ಕೆಯನ್ನು ಕಾಗದದಲ್ಲಿ ಸುತ್ತಿಕೊಂಡು ಅಂಗಡಿ ಅಂಗಡಿ ಅಲೆದವಳು ನಾನು. ತಂಗಿ ತನ್ನ ಮನೆಗೂ ಅದೇ ಬೇಕೆಂದಾಗ, ಅದು ನನಗೊಬ್ಬಳಿಗೇ ಕಲಸಿದ್ದು ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದೆ. ನೀವಿಲ್ಲದ ದಿನಗಳಲ್ಲಿ ಆ ಗೋಡೆ ನೋಡಿಕೊಂಡು, ಮನುಷ್ಯನಿಗೆ ನನ್ನ ಮೇಲೆ ಪ್ರೀತಿ ಇದೆ, ತೋರಿಸಲು ಬರುವುದಿಲ್ಲ ಅಷ್ಟೇ ಎಂದು ಸಮಾಧಾನ ಮಾಡಿಕೊಂಡಿದ್ದೇನೆ.

ಪೇಂಟರು ಚಕ್ಕೆಗೆ ಎಂಜಲು ಹಚ್ಚಿ ಉಜ್ಜಿ ನೋಡಿ ನಕ್ಕರು. "ಇದಕ್ಕೆ ನಂಬರ್ ಇರಲ್ಲ ಅಕ್ಕ. ಕೆಲಸ ಮುಗಿದ ಮೇಲೆ ಡಬ್ಬದ ತಳದಲ್ಲಿ ಉಳಿದಿದ್ದೆಲ್ಲ ಒಂದೇ ಬಕೆಟ್ಟಿಗೆ ಸುರೀತೀವಿ. ಏನೇ ಸುರಿದ್ರೂ ಕೊನೆಗೆ ಇಂಥದ್ದೇ ಬರೋದು. ನಮ್ಮನೆ ಕಕ್ಕಸಿನ ಗೋಡೆಗೂ ಇದೇ ಹೊಡೆದಿದೀನಿ." ಆ ಮನುಷ್ಯನಿಗೇನು ಗೊತ್ತು, ಪಾಪ. ನಾನು ಒಳಗೆ ಹೋಗಿ ನಲ್ಲಿ ತಿರುಗಿಸಿ, ಪಾತ್ರೆ ತೊಳೆಯುವ ನೆಪದಲ್ಲಿ ಅತ್ತೆ.

ಬರೀ ಬಣ್ಣವಾಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಕೈಯಲ್ಲಿ ಕಾಸಿಲ್ಲ, ಉಳಿದದ್ದನ್ನು ತಂದಿದ್ದೇನೆ ಎಂದು ಆಗಲೇ ಹೇಳಿದ್ದರೂ ನಾನು ಕುಣಿದುಕೊಂಡು ಬಳಿಯುತ್ತಿದ್ದೆ. ಸುಳ್ಳು ಹೇಳಿದಿರಿ, ನಾನು ಆ ಸುಳ್ಳನ್ನು ನಂಬಿ ಬಾಳಿದೆ. ಈಗ ಒಂದೊಂದೇ ನೆನಪಾಗುತ್ತದೆ. ಮಗಳ ಮದುವೆಗೆ ಹಿಂದಿನ ಸಂಜೆ ಬಂದಿರಿ, ಯಾರದೋ ಬಂಗಲೆಯ ಕೆಲಸ ಅರ್ಧಕ್ಕೆ ನಿಂತಿದೆ ಎಂದು ಮರುದಿನ ಸಂಜೆಯೇ ಹೊರಟಿರಿ. ನನ್ನ ಹೊಟ್ಟೆಯ ಆಪರೇಷನ್ನಿಗೆ ಸಹಿ ಹಾಕಿದ್ದು ತಂಗಿಯ ಗಂಡ. ಕಂಡವರ ಮನೆಗೆಲ್ಲ ಹೊಸ ಡಬ್ಬ ಒಡೆದಿರಿ, ನನ್ನ ಪಾಲಿಗೆ ಯಾವಾಗಲೂ ತಳದಲ್ಲಿ ಉಳಿದದ್ದು. ಈಗ ಏಣಿ ಹತ್ತಲಾಗದ ಮೊಣಕಾಲು ಉಳಿದಿದೆ, ಅದನ್ನೂ ಇಲ್ಲಿಗೇ ತರುತ್ತೇನೆ ಎನ್ನುತ್ತೀರಿ. ಹೊಟ್ಟೆ ಉರಿಯುತ್ತದೆ ರೀ. ಹೀಗೆಲ್ಲ ಬರೆಯಲು ನನಗೇನು ಖುಷಿಯೇ?

ಮರುದಿನ ಪೇಂಟರು ಬಣ್ಣಗಳ ಪುಸ್ತಕ ಕೈಗಿಟ್ಟು, "ನಿಮಗೆ ಯಾವುದು ಇಷ್ಟ, ಹೇಳಿ" ಎಂದರು. ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ, ಐವತ್ತನೇ ವಯಸ್ಸಿನಲ್ಲಿ! ಎರಡು ಮಧ್ಯಾಹ್ನ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಕೂತು, ಕೊನೆಗೊಂದು ಹಳದಿ ಆರಿಸಿದೆ. ನಿಮಗೆ ಹಳದಿ ಕಂಡರಾಗದು, ಗೊತ್ತು. ಶನಿವಾರ ಎರಡನೇ ಕೋಟ್ ಮುಗಿಯಿತು. ಮಗಳು ಬಾಗಿಲಲ್ಲೇ ನಿಂತು, "ಅಮ್ಮಾ, ಇದ್ಯಾರ ಮನೆ?" ಎಂದಳು. ನನ್ನದು ಎಂದೆ. ವಾಸನೆಗೆ ತಲೆನೋವು ಬಂತೆಂದು ಅವಳು ಬೇಗ ಹೊರಟಳು.

ಹೆಚ್ಚಿಗೆ ಏನು ಬರೆಯಲಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ಗುಳಿಗೆ ತಪ್ಪಿಸಬೇಡಿ. ಜೊತೆಯ ಕೆಲಸಗಾರರಿಗೆಲ್ಲ ನಾನು ಕೇಳಿದೆನೆಂದು ಹೇಳಿ.

ಇಂತಿ,
ನಿಮ್ಮ ಮಗಳ ತಾಯಿ

ತಾ.ಕ.: ಅಂಚೆಗೆ ಹಾಕುವ ಮುಂಚೆ ಇದೊಂದು. ಬಣ್ಣಕ್ಕೆಂದು ಮನೆ ಖಾಲಿ ಮಾಡುವಾಗ ನಿಮ್ಮ ಸಾಮಾನೆಲ್ಲ ಒಟ್ಟು ಮಾಡಿದೆ, ಒಂದೇ ರಟ್ಟಿನ ಪೆಟ್ಟಿಗೆಯಲ್ಲಿ ಹಿಡಿಯಿತು. ನಿನ್ನೆ ಲಾರಿ ಪಾರ್ಸಲ್ಲಿಗೆ ಹಾಕಿದ್ದೇನೆ, ಕಾಗದಕ್ಕಿಂತ ಮೊದಲೇ ಬಂದು ನಿಮಗೆ ಗಾಬರಿಯಾಗಿರಬಹುದು. ಮೇಲುಗಡೆಯೇ ಮೊಣಕಾಲಿಗೆ ಕಟ್ಟುವ ಪಟ್ಟಿ ಇದೆ, ಹೊಸದು, ನಿಮ್ಮ ಅಳತೆಯದೇ ನೋಡಿ ತಂದಿದ್ದೇನೆ. ಬಂದುಬಿಡಲೇ ಎಂದು ಕೇಳಿದ್ದಿರಿ. ಬೇಡ.