ಬಿಡು ಉಮಾ, ನಾ ಅದೀನಿ

ಶಹಾಪುರ
ಮಂಗಳವಾರ, 18 ಫೆಬ್ರವರಿ 2025

ಪ್ರೀತಿಯ ಮಸರತ,

ನಿನಗೆ ಉಮಾಳ ಸಲಾಂ. ನೀನು ಹಳೆಯ ನಂಬರು ತೆಗೆದುಹಾಕಿ ವರ್ಷದ ಮೇಲಾಯಿತು. ಹೊಸದನ್ನು ತಂಡದಲ್ಲಿ ಯಾರಿಗೂ ಕೊಡಲಿಲ್ಲ. ಹಾಗಾಗಿ ಈ ಕಾಗದ. ನಾರಾಯಣಪುರದ ಕ್ವಾರ್ಟರ್ಸಿನ ವಿಳಾಸ ಯಾರು ಕೊಟ್ಟರೆಂದು ಕೇಳಬೇಡ. ಕೊಟ್ಟವರು ತಮ್ಮ ಹೆಸರು ಹೇಳಬೇಡ ಎಂದಿದ್ದಾರೆ. ನೀನು ಅಲ್ಲಿ ತಾಯಿ ಕಡೆಯ ಖಾಲಾನ ಮನೆಯಲ್ಲಿದ್ದು ಚಿಕ್ಕ ಮಕ್ಕಳಿಗೆ ಕಲಿಸುತ್ತೀಯೆಂದೂ, ನೀನು ದನಿಯನ್ನೇ ಎತ್ತದ್ದಕ್ಕೆ ಮಕ್ಕಳು ನಿನಗೆ ‘ಸುಮ್ಕಿರೋ ಟೀಚರ್’ ಅನ್ನುತ್ತಾರೆಂದೂ ಅವರೇ ಹೇಳಿದರು. ಕೇಳಿದಾಗ ನಗು ಬರಬೇಕಿತ್ತು. ಬರಲಿಲ್ಲ.

ಸುದ್ದಿ ಏನೆಂದರೆ, ನಮ್ಮ ತಂಡ ಮುಗಿಯಿತು. ಈ ಸಲ ಯಾದಗಿರಿಯ ಫೈನಲ್‌ವರೆಗೆ ಹೋಗದಿದ್ದರೆ ಮುಂದಿನ ವರ್ಷ ಹುಡುಗಿಯರ ಫುಟ್‌ಬಾಲ್ ತಂಡ ಇರುವುದಿಲ್ಲವೆಂದು ಕಾಲೇಜಿನವರು ಮೊದಲೇ ಹೇಳಿದ್ದರು. ಮೊನ್ನೆ ಭಾನುವಾರ ಸುರಪುರದಲ್ಲಿ ಸೆಮಿಫೈನಲ್ ಸೋತೆವು. ನಿನ್ನೆ ಮೈನುದ್ದೀನ ಸರ್ ಗೋಲಿನ ಬಲೆ ಬಿಚ್ಚಿ ಮಡಚಿದರು. ಒಂದು ತುದಿ ನಾನು ಹಿಡಿದಿದ್ದೆ. ಹರಿದಿದ್ದ ಮೂಲೆಯಲ್ಲಿ ನೀನು ನಿಮ್ಮ ಗಾದಿ ಅಂಗಡಿಯ ದಪ್ಪ ದಾರ ತಂದು ಹೊಲಿದಿದ್ದೆಯಲ್ಲ, ಆ ಹೊಲಿಗೆ ಇನ್ನೂ ಗಟ್ಟಿಯಾಗಿತ್ತು. ಸರ್ ಅದರ ಮೇಲೆ ಬೆರಳಾಡಿಸಿದರು.

ನಾವು ಗೆಲ್ಲುತ್ತಿದ್ದ ವರ್ಷ ನೆನಪಿದೆಯಾ? ಗೋಲಿನಲ್ಲಿ ನಿಂತು ಆಟ ಮುಗಿಯುವವರೆಗೂ ನೀನು ಬಾಯಿ ಮುಚ್ಚುತ್ತಿರಲಿಲ್ಲ. ‘ಏ ಉಮಾ, ಮದುವಿ ಮನ್ಯಾಗ ನಿಂತಂಗ ನಿಂತೀಯಲ್ಲ, ಓಡ!’ ‘ಫರ್ಹೀನ್, ಅದನ್ಯಾಕ ಹಂಗ ನೋಡ್ತಿ, ಹಾವಲ್ಲ ಅದು, ಬಾಲು, ಒದಿ!’ ಎದುರು ತಂಡದವರೂ ನಗುತ್ತಿದ್ದರು. ಎತ್ತರದ ಚೆಂಡು ಬಂದಾಗ ಮಾತ್ರ ನಿನ್ನ ದನಿ ಬದಲಾಗುತ್ತಿತ್ತು. ‘ಬಿಡು ಉಮಾ, ನಾ ಅದೀನಿ!’ ಅದು ಕಿವಿಗೆ ಬಿದ್ದರೆ ನಾನು ಚೆಂಡು ಬಿಟ್ಟು ಮುಂದಕ್ಕೆ ಓಡುತ್ತಿದ್ದೆ. ಒಮ್ಮೆಯೂ ತಿರುಗಿ ನೋಡಿದವಳಲ್ಲ. ನಮ್ಮ ರಕ್ಷಣೆ ಗಟ್ಟಿ ಎಂದು ಎಲ್ಲರೂ ಹೊಗಳುತ್ತಿದ್ದರು. ನಾನೂ ಅದು ನಮ್ಮ ಕಾಲಿನ ಬಲ ಅಂದುಕೊಂಡಿದ್ದೆ.

ಆಮೇಲೆ ಯಾದಗಿರಿಯ ಆ ಫೈನಲ್. ನೀನು ‘ನಾ ಅದೀನಿ’ ಎಂದು ಕೂಗಿ ಬಂದೆ. ಚೆಂಡು ಕಲ್ಲಿಗೆ ತಾಗಿ ಪುಟಿದು ನಿನ್ನ ಕೈ ಮೇಲಿಂದ ಹೋಯಿತು. ಅದೊಂದೇ ಗೋಲು. ಯಾರಿಗಾದರೂ ಆಗಬಹುದಾಗಿದ್ದದ್ದು. ಆದರೆ ಯಾರೋ ಅಷ್ಟನ್ನೇ ಕತ್ತರಿಸಿ, ಹಿಂದೆ ಆಡಿನ ಕೂಗು ಸೇರಿಸಿ, ವಿಡಿಯೋ ಬಿಟ್ಟರು. ನಾವು ಗೆದ್ದದ್ದನ್ನು ನೋಡಲು ಈ ಊರಿನಿಂದ ಯಾರೂ ಬಂದಿರಲಿಲ್ಲ. ಸೋತದ್ದನ್ನು ಎಲ್ಲರೂ ಅಂಗೈಯಲ್ಲಿ ನೋಡಿದರು. ‘ಇದೇನು ಹುಡುಗಿ ದನಿಯೋ, ಎಮ್ಮಿ ಕಾಯೋ ಗಂಡಸಿನ ದನಿಯೋ’ ಎಂದು ಬರೆದರು. ಬಸ್ಸಿನಲ್ಲಿ ಕಂಡಕ್ಟರ್ ‘ಶಹಾಪುರ ಯಾರ್ ಅದೀರ್ರಿ?’ ಅಂದರೆ ಹಿಂದಿನ ಸೀಟಿನಿಂದ ‘ಬಿಡು ಉಮಾ, ನಾ ಅದೀನಿ!’ ಎಂದು ಒಬ್ಬ ಕೂಗುತ್ತಿದ್ದ. ಇಡೀ ಬಸ್ಸು ನಗುತ್ತಿತ್ತು. ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂರುತ್ತಿದ್ದೆ.

ನಿಮ್ಮ ಅಂಗಡಿಯಲ್ಲೂ ಬಿಡಲಿಲ್ಲ. ನಾನು ಅಲ್ಲೇ ಇದ್ದ ದಿನ ಒಬ್ಬ ಗಿರಾಕಿ, ‘ನಸೀರುದ್ದೀನ ಚಾಚಾ, ಹೊಲಿಗಿ ಗಟ್ಟಿ ಅದಾವೇನ್ರಿ, ಇಲ್ಲಾ ಮಗಳ ಕೈ ಜಾರಿದಂಗ ಜಾರ್ತಾವೋ?’ ಎಂದ. ನಿಮ್ಮ ಅಬ್ಬಾ ಅರಳೆ ತುಂಬುತ್ತಲೇ ಇದ್ದರು, ತಲೆ ಎತ್ತಲಿಲ್ಲ. ಅವರು ದನಿ ಎತ್ತಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಅದಾಗಿ ಕೆಲವು ದಿನಕ್ಕೆ ಮೈದಾನದಲ್ಲಿ ಬೂಟಿನ ಲೇಸು ಕಟ್ಟುತ್ತ ನೀನು ಅವರ ಮಾತನ್ನು ನನಗೆ ಹೇಳಿದೆ: ‘ಆಡು ಬೇಟಾ, ಬ್ಯಾಡ ಅನ್ನಂಗಿಲ್ಲ. ಜರಾ ಸುಮ್ಕ ಆಡು.’ ಹೇಳುವಾಗ ನಗುತ್ತಿದ್ದೆ. ಆವತ್ತಿನಿಂದ ನೀನು ಸುಮ್ಮನೆ ಆಡಿದೆ.

ಆಮೇಲೆ ನಾವು ಸೋಲತೊಡಗಿದೆವು. ಒಬ್ಬರು ಬೂಟು ಸರಿ ಇಲ್ಲ ಅಂದರು, ಇನ್ನೊಬ್ಬರು ಊಟ ಸಾಲದು ಅಂದರು. ‘ಹುಡುಗ್ಯಾರಿಗೆ ಸೊಕ್ಕು ಬಂದಾದ’ ಅಂದವರೂ ಇದ್ದರು. ಸರ್ ಎಲ್ಲರ ಮಾತೂ ಕೇಳಿ ಪ್ರತಿ ಮ್ಯಾಚಿಗೂ ನಮ್ಮ ಜಾಗ ಬದಲಿಸಿದರು. ನಿಜವಾದ ಕಾರಣ ನನಗೆ ಗೊತ್ತಿತ್ತು. ನಿನ್ನ ಕೈಗಳು ಅವೇ ಇದ್ದವು. ನಾನು ಮಾತ್ರ ಪ್ರತಿ ಸಲ ತಿರುಗಿ ನೋಡುತ್ತಿದ್ದೆ, ನೀನು ಇದ್ದೀಯೋ ಇಲ್ಲವೋ ಎಂದು. ತಿರುಗಿ ಮುಂದೆ ನೋಡುವಷ್ಟರಲ್ಲಿ ಚೆಂಡು ದಾಟಿ ಹೋಗಿರುತ್ತಿತ್ತು. ಬೈಗುಳ ಬಂದದ್ದು ನಿನಗೆ. ನಿನ್ನ ಗ್ಲೌಸನ್ನು ಬದಲಿ ಗೋಲ್‌ಕೀಪರ್ ಮಾಳಮ್ಮನ ಚೀಲದ ಮೇಲಿಟ್ಟು ನೀನು ಹೋದಾಗ, ಎರಡು ದಿನ ಬಿಟ್ಟು ಬರುತ್ತೀಯೆಂದೇ ನಾವೆಲ್ಲ ತಿಳಿದಿದ್ದೆವು.

ಮಾಳಮ್ಮ ಒಳ್ಳೆಯ ಹುಡುಗಿ. ಚೆಂಡು ಚೆನ್ನಾಗಿ ಹಿಡಿಯುತ್ತಾಳೆ. ಆದರೆ ಅವಳ ಬಾಯಿಂದ ಮಾತು ಹೊರಡುವುದಿಲ್ಲ. ಸರ್ ‘ಕೂಗವಾ, ಕೂಗು’ ಅಂದರೆ ‘ಏನಂತ ಕೂಗ್ಲಿ ಸರ?’ ಎಂದು ಕೇಳುತ್ತಾಳೆ. ಆದರೂ ಈ ವರ್ಷ ಹೇಗೋ ಸೆಮಿಫೈನಲ್‌ವರೆಗೆ ಬಂದೆವು. ತಿರುಗಿ ನೋಡದೆ ಆಡುವುದನ್ನು ನಾನು ಕಷ್ಟಪಟ್ಟು ಕಲಿತೆ.

ಭಾನುವಾರ ಒಂದಕ್ಕೆ ಒಂದು ಗೋಲಾಗಿತ್ತು. ಆಟ ಮುಗಿಯಲು ಬಂದಿತ್ತು. ಸುರಪುರದವರು ಉದ್ದಕ್ಕೆ ಒದ್ದ ಚೆಂಡು ನನ್ನ ತಲೆಯ ಕಡೆಗೇ ಇಳಿಯುತ್ತಿತ್ತು. ಹೊಡೆದು ಆಚೆ ಹಾಕಿದರೆ ಆಯಿತು, ದಿನಾ ಮಾಡುವ ಕೆಲಸ. ಆಗ ಹಿಂದಿನಿಂದ ಕೂಗು ಬಂತು.

‘ಬಿಡು ಉಮಾ, ನಾ ಅದೀನಿ!’

ಮಸರತ, ನಾನು ಬಿಟ್ಟೆ. ಯೋಚಿಸಿ ಬಿಟ್ಟದ್ದಲ್ಲ. ತಲೆ ತಾನಾಗಿ ಬಗ್ಗಿತು, ಕಾಲು ಮುಂದಕ್ಕೆ ಓಡಿತು. ಆ ಒಂದು ಗಳಿಗೆ ಎಷ್ಟು ಹಗುರವಾಗಿದ್ದೆ ಎಂದು ನಿನಗೆ ಹೇಳಲಾರೆ. ನೀನು ಹೋದ ಮೇಲೆ ಹಾಗೆ ಓಡಿರಲೇ ಇಲ್ಲ. ಆಮೇಲೆ ಜನರ ಕೇಕೆ ಕೇಳಿಸಿತು. ಮಾಳಮ್ಮ ಗೋಲಿನ ಗೆರೆಯ ಮೇಲೇ ನಿಂತಿದ್ದಳು. ಅವರ ಹುಡುಗಿಗೆ ಚೆಂಡನ್ನು ಒಳಗೆ ತಳ್ಳುವಷ್ಟೇ ಕೆಲಸವಿತ್ತು.

‘ಅಕ್ಕಾ, ನಾ ಏನೂ ಅಂದಿಲ್ಲ, ದೇವ್ರಾಣಿ ಅಂದಿಲ್ಲ’ ಎಂದು ಮಾಳಮ್ಮ ಅತ್ತಳು. ಬಸ್ಸಿನಲ್ಲಿ ಸರ್ ‘ಯಾಕವಾ ಬಿಟ್ಟಿ?’ ಎಂದು ಕೇಳಿದರು. ‘ಬಿಸಿಲು ಕಣ್ಣಿಗೆ ಹೊಡೀತ್ರಿ’ ಎಂದೆ. ಬಿಸಿಲು ನನ್ನ ಬೆನ್ನಿಗಿತ್ತು. ಅದು ಅವರಿಗೂ ಗೊತ್ತಿತ್ತು. ಮೈದಾನದ ಗೋಡೆಯ ಮೇಲೆ ಕೂತಿದ್ದ ಯಾವನೋ ಹುಡುಗ ಅಣಕಿಸಿರಬೇಕು. ಈಗ ಆ ಮಾತು ಬಾರದ ಹುಡುಗರೇ ಇಲ್ಲ.

ನೀನು ವಾಪಸು ಬಾ ಎಂದು ಬರೆಯುತ್ತಿಲ್ಲ. ಬರಲು ಈಗ ತಂಡವೇ ಇಲ್ಲ. ಇಷ್ಟು ಮಾತ್ರ ನಿನಗೆ ತಿಳಿದಿರಲಿ: ಊರೆಲ್ಲ ನಕ್ಕ ಆ ಮಾತನ್ನು ನಂಬಿ ನಾನು ಈಗಲೂ ಚೆಂಡು ಬಿಡುತ್ತೇನೆ.

ಖಾಲಾಗೆ ನನ್ನ ನಮಸ್ಕಾರ ಹೇಳು. ಮಕ್ಕಳಿಗೆ ಒಮ್ಮೆಯಾದರೂ ಜೋರಾಗಿ ಪಾಠ ಹೇಳು.

ನಿನ್ನ ಮುಂದೆ ನಿಲ್ಲುತ್ತಿದ್ದ
ಉಮಾ

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದು ಅಂದುಕೊಂಡಿದ್ದೆ. ಲಕೋಟೆ ಅಂಟಿಸುವ ಮೊದಲು ಬರೆಯುತ್ತಿದ್ದೇನೆ. ಗೋಡೆಯ ಮೇಲೆ ಹುಡುಗರು ಯಾರೂ ಇರಲಿಲ್ಲ. ಗೋಲಾದ ಮೇಲೆ ನಾನು ತಿರುಗಿ ನೋಡಿದೆ. ಬಲೆಯ ಹಿಂದೆ ನಿಮ್ಮ ಅಬ್ಬಾ ನಿಂತಿದ್ದರು, ಹೆಗಲ ಟವೆಲನ್ನು ಬಾಯಿಗೆ ಒತ್ತಿಕೊಂಡು. ಈ ವರ್ಷ ಪ್ರತಿ ಮ್ಯಾಚಿಗೂ ಅಂಗಡಿ ಮುಚ್ಚಿ ಬಂದು ಅಲ್ಲೇ ನಿಲ್ಲುತ್ತಿದ್ದರು, ಮಾತಿಲ್ಲದೆ. ನಿನಗೆ ತಿಳಿಸಬೇಡ ಎಂದಿದ್ದರು. ವಿಳಾಸ ಕೊಟ್ಟವರೂ ಅವರೇ. ನಿನ್ನ ದನಿ ಅವರಿಂದಲೇ ಬಂದದ್ದೆಂದು ನನಗೆ ಭಾನುವಾರ ತಿಳಿಯಿತು. ಅವರು ಕೂಗಿದ್ದನ್ನು ಅದಕ್ಕೆ ಮೊದಲು ಕೇಳಿಯೇ ಇರಲಿಲ್ಲವಲ್ಲ. ಸುರಪುರದ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಹತ್ತಿರ ಬಂದು, ‘ಮಾಳಮ್ಮ ಮುಂದ ಬರ್ತಾಳ ಅನ್ಕೊಂಡೆ ಬೇಟಾ, ಬಾಯಿಗೆ ಅದ ಬಂತು. ನನ್ನಿಂದೇನರ ಆತಾ?’ ಎಂದು ಕೇಳಿದರು. ‘ಇಲ್ರಿ ಚಾಚಾ, ನನಗ ಏನೂ ಕೇಳಿಸ್ಲೇ ಇಲ್ಲ’ ಎಂದೆ. ಅವರು ನಂಬಿದ್ದಾರೆ. ನೀನೂ ಹೇಳಬೇಡ.