ಹರಿಯದ ಹಾಯಿ

ಮಾರ್ಚ್ 3, ಭಾನುವಾರ, ಸಂಜೆ

ಇವತ್ತಿನ ದೋಣಿಯನ್ನೂ ನೋಡಿದ್ದಾಯಿತು. ದೋಣಿ ಉದ್ದ, ಕ್ಯಾಬಿನ್ ಗಿಡ್ಡ. ಒಳಗೆ ಒದ್ದೆ ಕಾಲುಚೀಲದ ವಾಸನೆ. ಇವರು ಒಂದೊಂದು ಹಲಗೆಯನ್ನೂ ಬೆರಳ ಗೆಣ್ಣಿನಿಂದ ಕುಟ್ಟಿ, ಕಿವಿಯಿಟ್ಟು ಕೇಳಿದರು. ಅತ್ತೆ ದಂಡೆಯ ಬೆಂಚಿನ ಮೇಲೆ ಕೂತೇ ಕೂಗಿದರು, "ಇದ್ರಲ್ಲಿ ಬಾತ್‌ರೂಮ್ ಎಲ್ಲಪ್ಪಾ?" ದಲ್ಲಾಳಿ ಮೂಲೆಯ ಬಕೆಟ್ ತೋರಿಸಿದ. ಅಲ್ಲಿಗೆ ಆ ದೋಣಿಯ ಕಥೆ ಮುಗಿಯಿತು. ದೇವರು ಅತ್ತೆಯನ್ನು ಚೆನ್ನಾಗಿಟ್ಟಿರಲಿ.

ತಪ್ಪು ನನ್ನದೇ. ಜನವರಿಯಲ್ಲಿ ಒಂದು ದಿನ ಊಟಕ್ಕೆ ಕೂತಾಗ ಇವರು, "ನಾವೂ ಒಂದು ಹಳೇ ಹಾಯಿದೋಣಿ ತಗೊಂಡ್ರೆ ಹೇಗೆ?" ಅಂದರು. ನಾನು "ನೋಡೋಣ" ಅಂದೆ. ನನ್ನ "ನೋಡೋಣ" ಎಂದರೆ ಬೇಡ ಎಂದು ಈ ಮನೆಯ ಗೋಡೆಗೂ ಗೊತ್ತು. ಸೀರೆ ಅಂಗಡಿಯವನಿಗೂ ಗೊತ್ತು. ಇವರಿಗೆ ಮಾತ್ರ ಗೊತ್ತಿಲ್ಲ. ಮರುದಿನವೇ ದಲ್ಲಾಳಿಗೆ ಫೋನು — "ನಮ್ಮನೆಯವಳೇ ನೋಡೋಣ ಅಂದಿದಾಳೆ, ಎಲ್ಲಾ ತೋರಿಸಿ."

ಅವತ್ತಿನಿಂದ ಪ್ರತಿ ಭಾನುವಾರ ನೋಡುತ್ತಲೇ ಇದ್ದೇವೆ.

ಮಾರ್ಚ್ 5, ಮಂಗಳವಾರ, ಅಂಗಡಿಯಲ್ಲಿ

ಬೆಳಗಿನಿಂದ ಜಿಪ್ಪು, ಜಿಪ್ಪು, ಜಿಪ್ಪು. ಒಬ್ಬರ ಪ್ಯಾಂಟಿನ ಸೊಂಟ ಬಿಡಿಸಿದೆ. ಹೋದ ವರ್ಷ ಅದನ್ನೇ ಹಿಡಿದು ಬಿಗಿ ಮಾಡಿದ್ದೆ.

ಇವರನ್ನು ಬೈಯಲೂ ಮನಸ್ಸು ಬರುವುದಿಲ್ಲ. ಲಿಫ್ಟ್ ರಿಪೇರಿ ಕೆಲಸ. ದಿನವಿಡೀ ಗಾಳಿಯಿಲ್ಲದ ಕಟ್ಟಡದ ಕತ್ತಲ ಬಾವಿಯಲ್ಲಿ ಗ್ರೀಸು, ತಂತಿ. "ಪೆಟ್ಟಿಗೆಯೊಳಗೇ ಮುದುಕನಾಗ್ತೀನಿ ಕಣೆ. ವಾರಕ್ಕೊಂದ್ಸಲ ತಲೆ ಮೇಲೆ ಆಕಾಶ ಬೇಡ್ವಾ?" ಬೇಕು. ಖಂಡಿತ ಬೇಕು. ಆದರೆ ನನ್ನ ಅಂಗಡಿ ಯಾಕೆ ಹೋಗಬೇಕು?

ನಿನ್ನೆ ಲೆಕ್ಕ ಹಾಕಿ ಹೇಳಿದರು. ಈ ಅಂಗಡಿಯ ಬಾಡಿಗೆ ಉಳಿದರೆ ದೋಣಿಯ ಕಂತು ಸಲೀಸು. ಹೊಲಿಗೆ ಮಷಿನ್ ಮನೆಗೆ ತಂದರಾಯಿತು, ನಡುಮನೆಯ ಕಿಟಕಿ ಪಕ್ಕ ಜಾಗ ಇದೆಯಲ್ಲ. ಅತ್ತೆಯ ಟಿವಿಗೂ ಮಗಳ ಕೀಬೋರ್ಡಿಗೂ ನಡುವೆ. "ನಿಂಗೂ ಓಡಾಟ ತಪ್ಪುತ್ತೆ" ಬೇರೆ!

ಈ ಅಂಗಡಿ ಅಂದರೆ ಏನು, ಒಂದು ಮಷಿನ್, ಒಂದು ಕನ್ನಡಿ, ಬಟ್ಟೆ ಬದಲಿಸಲು ಒಂದು ಪರದೆ. ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ. ಆದರೆ ಇಲ್ಲಿ ಯಾರೂ "ಅಮ್ಮಾ ನನ್ ಸಾಕ್ಸ್ ಎಲ್ಲಿ" ಅನ್ನುವುದಿಲ್ಲ. ಮಧ್ಯಾಹ್ನ ಬಾಗಿಲು ಮುಂದೆ ಮಾಡಿ ಅರ್ಧ ಗಂಟೆ ಸುಮ್ಮನೆ ಕೂರುತ್ತೇನೆ. ಏನೂ ಮಾಡುವುದಿಲ್ಲ. ಅದು ಹೋದರೆ ನನಗೆ ಹುಚ್ಚು ಹಿಡಿಯುತ್ತದೆ. ಇದನ್ನು ಬಾಯಿಬಿಟ್ಟು ಹೇಳಿದರೆ, ಮನೆಯವರು ಅಂದರೆ ಇವಳಿಗೆ ಬೇಸರ ಅಂತ ಆಗುತ್ತದೆ. ಹಾಗಲ್ಲ... ಹಾಗೂ ಹೌದು.

ಮಾರ್ಚ್ 10, ಭಾನುವಾರ



ಇವತ್ತಿನ ದೋಣಿ ನಿವೃತ್ತರಾದ ಹಲ್ಲಿನ ಡಾಕ್ಟರೊಬ್ಬರದ್ದು. ಪುಟ್ಟದು, ಬಿಳಿ, ಹಲ್ಲಿನ ಹಾಗೇ ಉಜ್ಜಿ ಇಟ್ಟಿದ್ದಾರೆ. ಮಂಡಿ ನೋವಂತೆ, ಅದಕ್ಕೇ ಮಾರುವುದು. ಬಾತ್‌ರೂಮ್ ಇದೆ, ಅದಕ್ಕೆ ಬಾಗಿಲೂ ಇದೆ. ಅತ್ತೆ ಮೂರು ಸಲ ಹಾಕಿ ತೆಗೆದು ನೋಡಿ "ಅಡ್ಡಿಯಿಲ್ಲ" ಅಂದರು. ಮಗಳು ಮುಂದಿನ ತುದಿಯಲ್ಲಿ ಹೊಟ್ಟೆಯಡಿಯಾಗಿ ಮಲಗಿ ನೀರಿಗೆ ಕೈ ಬಿಟ್ಟು, ಏಳಲೇ ಒಲ್ಲಳು. ಇವರ ಮುಖ ನೋಡಬೇಕಿತ್ತು. ಬೆಲೆ ಸ್ವಲ್ಪ ಜಾಸ್ತಿ, ಆದರೂ ಬಿಡುವ ಲಕ್ಷಣವಿರಲಿಲ್ಲ.

ನಾನು ಕ್ಯಾಬಿನ್ನಿನೊಳಗೆ ಇಳಿದೆ. ನಾಲ್ಕು ಮಂಚ, ಒಂದರ ಮೇಲೊಂದು. ಅತ್ತೆಯ ಗೊರಕೆ ನನ್ನ ಕಿವಿಯಿಂದ ಒಂದು ಗೇಣು ದೂರ. ಉಸಿರು ಕಟ್ಟಿ ಮೇಲೆ ಬಂದೆ.

ಅಷ್ಟರಲ್ಲಿ ಇವರು ಹಾಯಿ ಬಿಡಿಸಿ ಹಾಸಿಸಿದ್ದರು. "ಹೊಲಿಗೆಯವಳು ನೀನು, ಹೇಗಿದೆ ಹೇಳು."

ಮುಟ್ಟಿದೆ. ಅಂಚು ಹಿಡಿದು ಎಳೆದೆ. ಹೊಲಿಗೆಯನ್ನು ಉಗುರಿನಿಂದ ಕೆರೆದೆ, ದಾರ ಕದಲಲಿಲ್ಲ. ಅಷ್ಟು ಚಂದದ ಹೊಲಿಗೆ ನೋಡಿ ಎಷ್ಟು ಕಾಲವಾಗಿತ್ತೋ. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಹೋಗಿದೆ ರೀ," ಅಂದೆ. "ದಾರ ಪೂರ್ತಿ ಲಡ್ಡು. ಗಾಳಿ ಜೋರಾದ್ರೆ ಸೀಳಿ ಹೋಗುತ್ತೆ. ಮಗು ಬೇರೆ ಇರುತ್ತೆ..."

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಹೌದೇನಮ್ಮಾ? ನಾನು ಚೆನ್ನಾಗಿದೆ ಅಂದ್ಕೊಂಡಿದ್ದೆ." ಹಾಯಿಯನ್ನು ತಾವೇ ಮಡಿಸಿದರು, ಮೂಲೆಗೆ ಮೂಲೆ ಕೂಡಿಸಿ. ನನಗೆ ಅವರತ್ತ ನೋಡಲಾಗಲಿಲ್ಲ.

ಮಾರ್ಚ್ 11, ಸೋಮವಾರ

ಇವರು ಅನ್ನ ಕಲಸಿ ಕಲಸಿ ಬಿಟ್ಟರು. ಪಾಪ ಅನ್ನಿಸಿತು. ಆದರೂ ಅಂಗಡಿಗೆ ಬಂದು ಬಾಗಿಲು ಮುಂದೆ ಮಾಡಿಕೊಂಡಾಗ ಹಾಯೆನಿಸಿತು. ಎಂಥ ಹೆಂಗಸು ನಾನು!

ಮಾರ್ಚ್ 14, ಗುರುವಾರ

ಕೆಟ್ಟೆ.

ಡಾಕ್ಟರು ಬೆಲೆ ಇಳಿಸಿದ್ದಾರೆ. ಹಾಯಿಯ ಖರ್ಚು ತಾವೇ ಬಿಟ್ಟುಕೊಟ್ಟಿದ್ದಾರೆ, ಬೆಲೆಯಲ್ಲಿ ಕಾಲು ಭಾಗ! ಇವರು ನಿನ್ನೆ ಕೆಲಸ ಮುಗಿಸಿ ಹೋಗಿ ಹಾಯಿಯನ್ನು ಮತ್ತೊಮ್ಮೆ ನೋಡಿ ಬಂದಿದ್ದಾರೆ, ನನ್ನ ಹಾಗೇ ಉಗುರಿನಲ್ಲಿ ಕೆರೆದು. ಬಾಗಿಲಲ್ಲೇ ಶೂ ಬಿಚ್ಚದೆ ನಿಂತು ನಗು.

"ದಾರ ಕಬ್ಬಿಣದ ಹಾಗಿದೆ ಕಣೆ! ಏನ್ ಚೌಕಾಸಿ ನಿಂದು! ನಂಗೂ ಸುಳಿವು ಕೊಡ್ಲಿಲ್ಲ ನೋಡು."

ಅತ್ತೆ, ಈ ಅತ್ತೆ, ನನ್ನ ಗಲ್ಲ ಸವರಿ "ಮನೆ ತೂಗಿಸೋಳು ಅಂದ್ರೆ ಇವಳು" ಅಂದರು. ಮದುವೆಯಾದಾಗಿನಿಂದ ಇಂಥ ಮಾತು ಕೇಳಿರಲಿಲ್ಲ. ಮಗಳು ಬಂದು ತಬ್ಬಿಕೊಂಡಳು.

"ಚೌಕಾಸಿ ಅಲ್ಲ" ಅನ್ನಬೇಕಿತ್ತು. ಹಾಗಾದರೆ ಮತ್ತೇನು ಅಂತ ಕೇಳುತ್ತಿದ್ದರು. ನಕ್ಕೆ. ಎಲ್ಲರಿಗೂ ಕಾಫಿ ಮಾಡಿದೆ.

ಮಾರ್ಚ್ 28, ಗುರುವಾರ

ಬರೆಯಲು ಏನೂ ಇರಲಿಲ್ಲವೆಂದಲ್ಲ.

ಅಡ್ವಾನ್ಸ್ ಕೊಟ್ಟಾಗಿದೆ. ಅಂಗಡಿ ಮಾಲೀಕರು ಇವತ್ತು ಬಂದು, "ಬಿಡ್ತೀರಂತೆ, ನಿಮ್ಮ ಯಜಮಾನ್ರು ಫೋನ್ ಮಾಡಿದ್ರು" ಅಂದರು. ಅಳತೆ ಟೇಪು ಕೊರಳಲ್ಲೇ ಇತ್ತು, ಅದನ್ನೇ ಹಿಡಿದುಕೊಂಡು ನಿಂತೆ.

"ನನ್ನನ್ನ ಒಂದ್ ಮಾತು ಕೇಳ್ಬಾರ್ದಿತ್ತೇನ್ರೀ?" ಅಂದೆ ಇವರಿಗೆ.

ನಿಜವಾಗಿ ಬೆರಗಾದರು. "ಏನೇ ಕೇಳೋದು? ಬೆಲೆ ಇಳಿಸಿದ್ದೇ ನೀನು!"

ಅವರ ಮೇಲೆ ಸಿಟ್ಟಿಲ್ಲ. ನನ್ನ ಮೇಲೆ ಇರುವಷ್ಟಂತೂ ಇಲ್ಲ.

ಮಾರ್ಚ್ 31, ಭಾನುವಾರ, ಬೆಳಿಗ್ಗೆ, ಅಂಗಡಿಯಲ್ಲಿ

ಪ್ಯಾಕ್ ಮಾಡುತ್ತೇನೆಂದು ಮುಂಚೆಯೇ ಬಂದೆ. ಏನೂ ಪ್ಯಾಕ್ ಮಾಡಿಲ್ಲ. ಒಂದು ಫ್ರಾಕಿಗೆ ಗುಂಡಿ ಹಾಕಿದೆ, ಅರ್ಜೆಂಟಿನದಲ್ಲ.

ಮಷಿನ್ ಸಾಗಿಸಲು ಇವರು ಗಾಡಿ ತಂದಿದ್ದಾರೆ. ಬಾಗಿಲು ತಟ್ಟುತ್ತಿದ್ದಾರೆ. ಚಿಲಕ ಹಾಕಿದ್ದೇನೆ. ಹಾಕಬೇಕೆಂದು ಹಾಕಿದ್ದಲ್ಲ... ಅಲ್ಲ, ಹಾಕಬೇಕೆಂದೇ ಹಾಕಿದ್ದು.

"ಏನೇ, ಒಳಗಿದೀಯಾ? ತೆಗಿ, ಡ್ರೈವರ್ ಕಾಯ್ತಿದಾನೆ."

"ಮಷಿನ್ ಇಲ್ಲೇ ಇರುತ್ತೆ ರೀ," ಅಂದೆ.

ತಟ್ಟುವುದು ನಿಂತಿತು. "ಏನಂದೆ?"

ಮುಖ ನೋಡಿದರೆ ಮತ್ತೆ ನಕ್ಕುಬಿಡುತ್ತೇನೆ. ಬಾಗಿಲು ತೆಗೆಯದೆಯೇ ಹೇಳಬೇಕು. ಮೊದಲು ಇಲ್ಲಿ ಬರೆದುಕೊಂಡು, ಆಮೇಲೆ ಗಟ್ಟಿಯಾಗಿ ಓದಿಬಿಡುತ್ತೇನೆ —

ರೀ, ಅವತ್ತು ನಾನು ಚೌಕಾಸಿ ಮಾಡಿದ್ದಲ್ಲ, ಸುಳ್ಳು ಹೇಳಿದ್ದು. ನನಗೆ ಈ ಅಂಗಡಿ ಬೇಕು.